320 ಮತ್ತು 155: ಸ್ಕಸಿ ಡಿಸ್ಕ್‌ನಿಂದ ಎಸ್‌ಟಿಎಂ ಲೈನ್‌ಗೆ ವೇಗದ ಲೆಕ್ಕ

2008ರಲ್ಲಿ ನಾನು ಮುಂಬೈನ ಅಂಧೇರಿಯ ಒಂದು ಆಫೀಸಿನಲ್ಲಿ ಸ್ಟೋರೇಜ್ ಕೆಲಸ ನೋಡಿಕೊಳ್ಳುತ್ತಿದ್ದೆ. ಹಳೆಯ ಅಲ್ಟ್ರಾ320 ಸ್ಕಸಿ (ಸರ್ವರ್‌ಗೆ ಡಿಸ್ಕ್ ಜೋಡಿಸುವ ಒಂದು ಬಗೆ) ಡಿಸ್ಕ್‌ಗಳಲ್ಲಿದ್ದ 3 ಟೆರಾಬೈಟ್ ಡೇಟಾವನ್ನು ಪುಣೆಯ ಹೊಸ ಸರ್ವರ್ ರೂಮಿಗೆ ಸಾಗಿಸಬೇಕಿತ್ತು. ನಡುವೆ ಇದ್ದದ್ದು ಒಂದು ಎಸ್‌ಟಿಎಂ-1 ಲೀಸ್ಡ್ ಲೈನ್, ಅಂದರೆ ಟೆಲಿಕಾಂ ಕಂಪನಿಯಿಂದ ಬಾಡಿಗೆಗೆ ಪಡೆದ ಫೈಬರ್ ಲೈನ್. ಶುಕ್ರವಾರ ರಾತ್ರಿ 10ಕ್ಕೆ ಶುರು ಮಾಡಿ ಸೋಮವಾರ ಬೆಳಿಗ್ಗೆ 6ರೊಳಗೆ ಮುಗಿಸಬೇಕು. ಒಟ್ಟು 56 ಗಂಟೆ.

ನನ್ನ ಮೊದಲ ಲೆಕ್ಕ ಸುಲಭವಾಗಿತ್ತು. ಸೆಕೆಂಡಿಗೆ ಡಿಸ್ಕ್ 320 ಮೆಗಾ, ಲೈನ್ 155 ಮೆಗಾ. ಕಡಿಮೆ ಇರುವುದು 155. ಅದರಿಂದ 3 ಟೆರಾ ಭಾಗಿಸಿದರೆ ಐದೂವರೆ ಗಂಟೆ. ಪುಣೆ ಕಡೆಯ ಕೆಲಸ ನೋಡುತ್ತಿದ್ದ ಬೆಳಗಾವಿಯ ಗೆಳೆಯರು ಪ್ಲಾನ್ ಓದಿ ಫೋನ್ ಮಾಡಿದರು. "ಸರ್, ಐದೂವರೆ ತಾಸಿನ್ಯಾಗ ಹೆಂಗ ಮುಗಿತೈತ್ರಿ? 155 ಅಂದ್ರ ಬಿಟ್ ಐತ್ರಿ, ಬೈಟ್ ಅಲ್ರಿ."

ಅವತ್ತು ಸಂಜೆ ಡೊಂಬಿವಲಿಯ ಮನೆಯಲ್ಲಿ ಕಾಗದ ಪೆನ್ನು ಹಿಡಿದು ಮೊದಲಿನಿಂದ ಲೆಕ್ಕ ಹಾಕಿದೆ.

ಸ್ಕಸಿಯವರು ಬೈಟ್‌ನಲ್ಲಿ ಮಾತಾಡುವುದಕ್ಕೆ ಕಾರಣ ಆ ಅಗಲವಾದ ಕೇಬಲ್. ಅದರಲ್ಲಿ 16 ಬಿಟ್, ಅಂದರೆ 2 ಬೈಟ್ (8 ಬಿಟ್‌ಗೆ ಒಂದು ಬೈಟ್), ಅಕ್ಕಪಕ್ಕದಲ್ಲಿ ಒಟ್ಟಿಗೆ ಹೋಗುತ್ತವೆ. ಅಲ್ಟ್ರಾ320ರಲ್ಲಿ ಇದು ಸೆಕೆಂಡಿಗೆ 16 ಕೋಟಿ ಸಲ ನಡೆಯುತ್ತದೆ. ಹಾಗಾಗಿ 320 ಮೆಗಾಬೈಟ್. ಫೈಬರ್‌ನಲ್ಲಿ ಬಿಟ್‌ಗಳು ಒಂದರ ಹಿಂದೆ ಒಂದು ಹೋಗುತ್ತವೆ. ಅಲ್ಲಿಯವರು ಬಿಟ್ ಎಣಿಸುತ್ತಾರೆ. 320 ಮೆಗಾಬೈಟ್ ಅಂದರೆ 2560 ಮೆಗಾಬಿಟ್. ಎಸ್‌ಟಿಎಂ-1ರ 16 ಪಟ್ಟು ಇರುವ ಎಸ್‌ಟಿಎಂ-16ರ ವೇಗ 2488.32 ಮೆಗಾಬಿಟ್. ಒಂದು ಹಳೆಯ ಡಿಸ್ಕ್ ಕೇಬಲ್ ಕಾಗದದ ಮೇಲೆ ಅದಕ್ಕಿಂತ ಜಾಸ್ತಿ! ಇದನ್ನು ನೋಡಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು.

ಇನ್ನು ನಮ್ಮ ಎಸ್‌ಟಿಎಂ-1. ಅಮೆರಿಕದ ಲೆಕ್ಕದಲ್ಲಿ ಇದೇ ವೇಗಕ್ಕೆ ಓಸಿ-3 ಅನ್ನುತ್ತಾರೆ. ಅದರ ಒಂದು ಫ್ರೇಮ್‌ನಲ್ಲಿ (ಒಂದು ಕಂತಿನ ಡೇಟಾದಲ್ಲಿ) 9 ಸಾಲು, 270 ಕಾಲಂ. ಪ್ರತಿ ಮನೆಯಲ್ಲಿ ಒಂದು ಬೈಟ್. ಸೆಕೆಂಡಿಗೆ 8000 ಫ್ರೇಮ್. ಗುಣಿಸಿದರೆ 155.52 ಮೆಗಾಬಿಟ್ ಸರಿಯಾಗಿ ಬರುತ್ತದೆ. ಆದರೆ 10 ಕಾಲಂ ಲೈನಿನ ಸ್ವಂತ ಕೆಲಸಕ್ಕೆ ಹೋಗುತ್ತವೆ. ನಮ್ಮ ಡೇಟಾಗೆ ಸಿಗುವುದು 260. ಅಂದರೆ 149.76 ಮೆಗಾಬಿಟ್. 8ರಿಂದ ಭಾಗಿಸಿದರೆ 18.72 ಮೆಗಾಬೈಟ್.

8ರಿಂದಲೋ 10ರಿಂದಲೋ ಅನ್ನುವ ಗೊಂದಲ ನಮ್ಮಲ್ಲಿ ತುಂಬಾ ಇತ್ತು. ಫೈಬರ್ ಚಾನಲ್ (ಸ್ಟೋರೇಜ್ ಜೋಡಿಸುವ ಇನ್ನೊಂದು ಬಗೆ) ಮೇಲೆ ಕೆಲಸ ಮಾಡಿದವರಿಗೆ 10ರಿಂದ ಭಾಗಿಸುವ ಅಭ್ಯಾಸ. ಅಲ್ಲಿ ಅದು ಸರಿ. 1, 2, 4 ಗಿಗಾದ ಫೈಬರ್ ಚಾನಲ್‌ನಲ್ಲಿ ಪ್ರತಿ 8 ಬಿಟ್ ಡೇಟಾಗೆ 10 ಬಿಟ್ ಕಳಿಸುತ್ತಾರೆ. 1.5 ಗಿಗಾಬಿಟ್‌ನ ಸಾಟಾ (ಪಿಸಿ ಡಿಸ್ಕ್‌ನ ಕೇಬಲ್) 150 ಮೆಗಾಬೈಟ್ ಆಗುವುದೂ ಇದರಿಂದಲೇ. ಎಸ್‌ಟಿಎಂನಲ್ಲಿ ಬಿಟ್‌ಗಳನ್ನು ಕಲಸಿ ಕಳಿಸುತ್ತಾರೆ, ಹೆಚ್ಚಿಗೆ ಸೇರಿಸುವುದಿಲ್ಲ. ಹಾಗಾಗಿ ಅಲ್ಲಿ 8.

ಮತ್ತೊಂದು ಸಣ್ಣ ವಿಷಯ. ಸರ್ವರ್ ತೋರಿಸುವ 3 ಟೆರಾ 1024ರ ಲೆಕ್ಕದ್ದು. ಲೈನಿನ ಮೆಗಾ 1000ದ ಲೆಕ್ಕದ್ದು. ನಿಜವಾದ ಗಾತ್ರ ಸುಮಾರು 3.3 ಲಕ್ಷ ಕೋಟಿ ಬೈಟ್. 18.72ರಿಂದ ಭಾಗಿಸಿದರೆ 49 ಗಂಟೆ. ಐದೂವರೆ ಎಲ್ಲಿ, 49 ಎಲ್ಲಿ!

ಆದರೂ 56ರೊಳಗೆ ಇದೆ ಅಲ್ವಾ ಅಂದುಕೊಂಡು ಬುಧವಾರ ಒಂದು ದೊಡ್ಡ ಫೈಲ್ ಕಳಿಸಿ ನೋಡಿದೆವು. ಬಂದದ್ದು 13 ಮೆಗಾಬೈಟ್. ಈ ವೇಗದಲ್ಲಿ 70 ಗಂಟೆ ಬೇಕು. ಲೈನಿನಲ್ಲಿ ಒಂದೂ ಎರರ್ ಇರಲಿಲ್ಲ. ಪಿಂಗ್ ಮಾಡಿದರೆ ಹೋಗಿ ಬರಲು 5 ಮಿಲಿಸೆಕೆಂಡ್. ಆಗ ಹೊಳೆಯಿತು. ನಮ್ಮ ಹಳೆ ಸರ್ವರ್‌ನ ಟಿಸಿಪಿ ವಿಂಡೋ 64 ಕಿಲೋಬೈಟ್. ಅಷ್ಟು ಕಳಿಸಿ, ಉತ್ತರ ಬರುವ ತನಕ ಸುಮ್ನೆ ಕಾಯುತ್ತದೆ. 5 ಮಿಲಿಸೆಕೆಂಡಿಗೆ 64 ಕಿಲೋಬೈಟ್ ಅಂದರೆ ಸೆಕೆಂಡಿಗೆ 13 ಮೆಗಾಬೈಟ್. ಲೈನ್ ತುಂಬಲು 94 ಕಿಲೋಬೈಟ್ ಆದರೂ ಬೇಕಿತ್ತು.

ಹಳೆ ಸರ್ವರ್‌ನ ಸೆಟ್ಟಿಂಗ್ ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ಅದರ ಮೇಲೆ ದಿನದ ಕೆಲಸ ನಡೆಯುತ್ತಿತ್ತು. ಬದಲಿಗೆ ಡೇಟಾವನ್ನು ನಾಲ್ಕು ಭಾಗ ಮಾಡಿ, ನಾಲ್ಕು ಕಾಪಿ ಒಟ್ಟಿಗೆ ಓಡಿಸಿದೆವು. ಒಂದು ಉತ್ತರಕ್ಕೆ ಕಾಯುವಾಗ ಉಳಿದವು ಲೈನನ್ನು ತುಂಬುತ್ತವೆ. ಸಣ್ಣ ಫೈಲ್‌ಗಳನ್ನು ಮೊದಲೇ ಟಾರ್ ಮಾಡಿ ಗಂಟು ಕಟ್ಟಿದ್ದೆವು. ಪುಣೆಯಲ್ಲಿ ಬಂದ ಭಾಗದ ಚೆಕ್‌ಸಮ್ (ಡೇಟಾ ಕೆಡದೆ ಬಂದಿದೆಯೇ ಎಂದು ತಿಳಿಸುವ ಸಂಖ್ಯೆ) ಆಗಿಂದಾಗಲೇ ನೋಡುತ್ತಿದ್ದರು.

ಸೋಮವಾರ ನಸುಕಿನ 3 ಗಂಟೆಗೆ ಬೆಳಗಾವಿಯ ಗೆಳೆಯರ ಫೋನ್ ಬಂತು. "ಕಡೀದೂ ಬಂತ್ರಿ ಸರ್." 53 ಗಂಟೆ ಹಿಡಿದಿತ್ತು.

ಆಮೇಲೆ ಯಾವುದೇ ಲಿಂಕ್ ಇರಲಿ, ನನ್ನ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕುತ್ತೇನೆ: ಹೆಸರಿನ ವೇಗ, ಡೇಟಾಗೆ ಸಿಗುವ ವೇಗ, ಅಳೆದ ವೇಗ. ಆ ಪುಟದ ಮೊದಲ ಸಾಲು: 155.52 ಮೆಗಾಬಿಟ್, 18.72 ಮೆಗಾಬೈಟ್, 17.3 ಮೆಗಾಬೈಟ್.