ಮಗಳಿಗೆ ಐರಿಶ್ ಹೆಸರು ಇಟ್ಟಾಯಿತು, ಮಿಡಲ್ ನೇಮ್ ಯಾವುದು?

ಐರ್ಲೆಂಡ್‌ನಲ್ಲಿ ನೆಲೆಸಿರುವ ಕನ್ನಡದವರು ಮಗಳಿಗೆ ಐರಿಶ್ ಹೆಸರು ಇಡುವುದು ಈಗ ಹೊಸದೇನಲ್ಲ. ಅಪ್ಪನೋ ಅಮ್ಮನೋ ಐರಿಶ್ ಆಗಿದ್ದರಂತೂ ಕೇಳುವುದೇ ಬೇಡ. ಮೊದಲ ಹೆಸರಿಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮಿಡಲ್ ನೇಮ್ ಮಾತ್ರ ಕೊನೇ ಗಳಿಗೆಯಲ್ಲಿ, ಯಾವುದೋ ಒಂದು ಇರಲಿ ಎಂದು ಸೇರಿಸಿಬಿಡುತ್ತಾರೆ. ಬಿಡಿಬಿಡಿಯಾಗಿ ಎರಡೂ ಚೆಂದದ ಹೆಸರುಗಳೇ. ಜೊತೆಯಲ್ಲಿ ಕೂಗಿದರೆ ನಾಲಿಗೆ ತೊಡರುತ್ತದೆ. ಎಷ್ಟೋ ನಾಮಕರಣಗಳಲ್ಲಿ ಇದನ್ನು ನೋಡಿದ್ದೇನೆ. ಅದಕ್ಕೇ ಈ ಬರಹ.

ಹೆಜ್ಜೆ 1: ಮೊದಲ ಹೆಸರನ್ನು ಸರಿಯಾಗಿ ಹೇಳಲು ಕಲಿಯಿರಿ

ಐರಿಶ್ ಹೆಸರನ್ನು ಇಂಗ್ಲಿಷ್ ಓದಿದಂತೆ ಓದಬಾರದು. ಬಿ ಅಥವಾ ಎಂ ಆದಮೇಲೆ ಎಚ್ ಬಂದರೆ ಹೆಚ್ಚಾಗಿ ‘ವ’. ಎಸ್ ಪಕ್ಕದಲ್ಲಿ ಇ ಅಥವಾ ಐ ಇದ್ದರೆ ‘ಶ’. ಸ್ವರದ ಮೇಲೆ ಓರೆಗೆರೆ ಇದ್ದರೆ ಅದು ದೀರ್ಘ. ಆ ಗೆರೆಯನ್ನು ಫಾದಾ ಅನ್ನುತ್ತಾರೆ. ಹಾಗಾಗಿ ಎನ್-ಐ-ಎ-ಎಂ-ಎಚ್ ಎಂದು ಬರೆದದ್ದು ‘ನೀವ್’. ಎ-ಒ-ಐ-ಎಫ್-ಇ ಎಂದರೆ ‘ಈಫ’. ಕೆಲವು ಹೆಸರು ಊರಿಂದೂರಿಗೆ ಬದಲಾಗುತ್ತವೆ. ದಕ್ಷಿಣದ ‘ಕ್ವೀವ’ ಉತ್ತರದ ಕಡೆ ‘ಕೀವ’. ‘ಸೀರ್ಶ’ ಅನ್ನುವವರೂ ಇದ್ದಾರೆ, ‘ಸರ್ಶ’ ಅನ್ನುವವರೂ ಇದ್ದಾರೆ. ಯಾವುದು ನಿಮ್ಮದು ಎಂದು ಗಟ್ಟಿ ಮಾಡಿಕೊಂಡು ಕನ್ನಡದಲ್ಲಿ ಬರೆದಿಡಿ. ಮುಂದಿನ ಕೆಲಸವೆಲ್ಲ ಆ ಕನ್ನಡ ಅಕ್ಷರಗಳ ಮೇಲೆಯೇ ನಡೆಯಬೇಕು.

ಹೆಸರಿನ ಆ್ಯಪ್‌ಗಳಲ್ಲಿ ಬರುವ ಯಂತ್ರದ ದನಿಯನ್ನು ನಂಬಬೇಡಿ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿ, ಮಗು ನೋಡಲು ಮನೆಗೆ ಬರುವ ಪಬ್ಲಿಕ್ ಹೆಲ್ತ್ ನರ್ಸ್ ಬಳಿ ಕೇಳಿ.

ಹೆಜ್ಜೆ 2: ಎರಡು ಹೆಸರು ಕೂಡುವ ಜಾಗ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಶಾಲೆಯಲ್ಲಿ ಸಂಧಿ ಕಲಿತಿದ್ದೇವೆ ಅಲ್ವಾ? ಬಾಯಲ್ಲಿ ಹೆಸರುಗಳೂ ಸಂಧಿಯಾಗುತ್ತವೆ. ಈಫ, ಕೀರ, ಓರ್ಲ, ಗ್ರಾನ್ಯ, ಆನ್ಯ ಹೀಗೆ ಐರಿಶ್ ಹೆಣ್ಣುಹೆಸರುಗಳಲ್ಲಿ ‘ಅ’ಕಾರಕ್ಕೆ ಮುಗಿಯುವುದು ಜಾಸ್ತಿ. ಅದರ ಪಕ್ಕ ‘ಅ’ ಅಥವಾ ‘ಆ’ ಇಂದ ಶುರುವಾಗುವ ಹೆಸರಿಟ್ಟರೆ ಎರಡೂ ಕರಗಿ ಒಂದಾಗುತ್ತವೆ. ‘ಈಫ ಆರಾಧ್ಯ’ವನ್ನು ಬೇಗ ಹೇಳಿ ನೋಡಿ, ‘ಈಫಾರಾಧ್ಯ’ ಆಗುತ್ತದೆ. ‘ಕೀರ ಆನ್’ ಎಂದರೆ ‘ಕೀರಾನ್’. ಅದು ಐರ್ಲೆಂಡ್‌ನಲ್ಲಿ ಗಂಡುಹುಡುಗರ ಹೆಸರು! ಇಂಥ ಕಡೆ ವ್ಯಂಜನದಿಂದ ಶುರುವಾಗುವ ಹೆಸರೇ ಬೇಕು: ಈಫ ಲಕ್ಷ್ಮಿ, ಕೀರ ಮಾರ್ಗರೆಟ್, ಓರ್ಲ ಜಾನಕಿ. ಸ್ವರವೇ ಬೇಕೆಂದರೆ ದೂರದ ಸ್ವರ ಹುಡುಕಿ. ನಟಿ ಸರ್ಶ ರೋನನ್ ಅವರ ಮಿಡಲ್ ನೇಮ್ ಊನ. ‘ಅ’ದಿಂದ ‘ಊ’ಗೆ ಹೋಗಲು ತುಟಿ ದುಂಡಗಾಗಬೇಕು, ಆ ಹೊತ್ತಿನಲ್ಲಿ ಹೆಸರು ಎರಡಾಗಿ ನಿಲ್ಲುತ್ತದೆ.

ನೀವ್, ಮೇವ್, ಸೈವ್ ಗುಂಪು ಬೇರೆ. ಒಂದೇ ಏಟಿಗೆ ಮುಗಿದು ‘ವ್’ನಲ್ಲಿ ನಿಲ್ಲುವ ಹೆಸರುಗಳು. ಇವಕ್ಕೆ ವ, ಫ ಇಂದ ಶುರುವಾಗುವುದು ಬೇಡವೇ ಬೇಡ. ‘ನೀವ್ ವೈಷ್ಣವಿ’ ಎಂದರೆ ಒಂದು ‘ವ’ ಹೋಗೇ ಹೋಗುತ್ತದೆ. ಮೊದಲ ಹೆಸರು ಚಿಕ್ಕದಾದ್ದರಿಂದ ಎರಡನೆಯದು ಸ್ವಲ್ಪ ಉದ್ದ ಇರಲಿ. ನೀವ್ ಕಾವೇರಿ, ಮೇವ್ ಕ್ಯಾಥರಿನ್, ಸೈವ್ ಗಿರಿಜಾ. ‘ನೀವ್ ಕೇಟ್’ ತಪ್ಪೇನಲ್ಲ, ಆದರೆ ಬಾಗಿಲು ಬಡಿದ ಹಾಗೆ ಕೇಳುತ್ತದೆ.

ರೋಶೀನ್, ಶಿವಾನ್, ಶಿನೇಡ್ ಹೆಸರುಗಳನ್ನು ಹೇಳುವಾಗ ಒತ್ತು ಕೊನೆಗೆ ಬೀಳುತ್ತದೆ. ಪಕ್ಕದಲ್ಲಿ ಮತ್ತೊಂದು ಒತ್ತು ಕೂಡಲೇ ಬಂದರೆ ಉಸಿರಾಡಲು ಜಾಗವಿಲ್ಲ. ಪ್ರಾಸವೂ ಬೇಡ. ರೋಶೀನ್ ಕ್ಯಾಥ್ಲೀನ್, ಗ್ರಾನ್ಯ ಧನ್ಯ, ಶಿವಾನ್ ಶಿವಾನಿ ಇವು ಕಾಗದದ ಮೇಲೆ ಮುದ್ದಾಗಿ ಕಾಣುತ್ತವೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಮಗುವಿಗೆ ಕಷ್ಟ.

ಕೊನೆಗೆ ಒಂದು ಪರೀಕ್ಷೆ. ಅಡುಗೆಮನೆಯಲ್ಲಿ ನಿಂತು ಪೂರ್ತಿ ಹೆಸರನ್ನು ಜೋರಾಗಿ ಕೂಗಿ. ಹೆಸರು ಗೊತ್ತಿಲ್ಲದವರೊಬ್ಬರು ಹೊರಗೆ ನಿಂತು, ಕೇಳಿಸಿದ್ದನ್ನು ಹಾಗೇ ಬರೆಯಲಿ. ಎರಡು ಹೆಸರನ್ನು ಒಂದಾಗಿ ಬರೆದರೆ ಆ ಜೋಡಿಯನ್ನು ಬಿಟ್ಟುಬಿಡಿ.

ಊರಿಗೂ ಒಂದು ಫೋನ್ ಮಾಡಿ. ನಮ್ಮ ಹಿರಿಯರ ಬಾಯಲ್ಲಿ ‘ಈಫ’ ಸುಲಭವಾಗಿ ‘ಈಪ’ ಆಗುತ್ತದೆ. ‘ನೀವ್’ ಎಂದು ಕರೆದರೆ ಮನೆಯಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಹೀಗಾದಾಗ ಅಜ್ಜ ಅಜ್ಜಿ ಮಿಡಲ್ ನೇಮನ್ನೇ ಹಿಡಿದುಕೊಳ್ಳುತ್ತಾರೆ. ದಿನಾ ಕೇಳಿದರೂ ಬೇಸರವಾಗದ ಹೆಸರು ಅದಾಗಿರಲಿ.

ಹೆಜ್ಜೆ 3: ಎಲ್ಲಿಂದ ಆರಿಸುವುದು?

ಐರಿಶ್ ಮನೆಗಳಲ್ಲಿ ಮರಿ, ಆನ್, ರೋಸ್, ಗ್ರೇಸ್ ಸಾಮಾನ್ಯ. ಸುಮ್ನೆ ಜಾಗ ತುಂಬಲು ಇವನ್ನು ಇಡಬೇಡಿ. ಹಿಂದೆ ಅಲ್ಲಿ ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು ಇಡುವ ವಾಡಿಕೆ ಇತ್ತು. ಅಜ್ಜಿಯ ಹೆಸರು ಮೊಮ್ಮಗಳಿಗೆ ಇಡುವುದು ನಮ್ಮಲ್ಲೂ ಇದೆ. ಹಾಗಾಗಿ ನನ್ನ ಮಾತು ಇಷ್ಟೇ: ಮೊದಲ ಹೆಸರು ಐರಿಶ್ ಆದರೆ ಮಿಡಲ್ ನೇಮ್ ಅಜ್ಜಿಯದೇ ಇರಲಿ. ಗಿರಿಜಾ, ಜಾನಕಿ, ಸುಶೀಲಾ ಹಳೇ ಹೆಸರು ಎಂದು ಮೂಗು ಮುರಿಯಬೇಡಿ. ಒಂದು ಸಾಲದಿದ್ದರೆ ಎರಡಿಡಿ, ಅದಕ್ಕೆ ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಗಾಯಕಿ ಶಿನೇಡ್ ಓ’ಕಾನರ್ ಅವರ ಹೆಸರಿನಲ್ಲಿ ಮರಿ ಬರ್ನಡೆಟ್ ಎಂದು ಎರಡು ಇದ್ದವು.

ಎರಡೂ ಕಡೆಯವರಿಗೆ ಸಲೀಸಾದ ಹೆಸರು ಬೇಕೆನ್ನುವವರಿಗೆ ನನ್ನ ಮೊದಲ ಆಯ್ಕೆ ತಾರಾ. ಮೀತ್ ಕೌಂಟಿಯ ತಾರಾ ಗುಡ್ಡ ಐರ್ಲೆಂಡ್‌ನ ಹಳೆಯ ಮಹಾರಾಜರ ಪೀಠ. ಅಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರಿದೆ, ನಮ್ಮಲ್ಲೂ ಇದೆ. ನೀವ್ ತಾರಾ, ಈಫ ತಾರಾ, ಎರಡೂ ಚೆನ್ನಾಗಿ ಕೂಡುತ್ತವೆ.

ಅಮೆರಿಕದಲ್ಲಿ ಅಚ್ಚಾದ ಹೆಸರಿನ ಪುಸ್ತಕಗಳಲ್ಲಿ ಕಾಲೀನ್, ಶ್ಯಾನನ್ ಅಚ್ಚ ಐರಿಶ್ ಎಂದು ಬರೆದಿರುತ್ತಾರೆ. ಶ್ಯಾನನ್ ಅಲ್ಲಿಯ ನದಿ. ಈ ಎರಡೂ ಹೆಸರಾಗಿ ಬೆಳೆದದ್ದು ಹೆಚ್ಚಾಗಿ ಹೊರದೇಶಗಳಲ್ಲಿ. ಅಂಥ ಪುಸ್ತಕಕ್ಕೆ ದುಡ್ಡು ಹಾಕಬೇಡಿ.

ಹೆಜ್ಜೆ 4: ಸರ್‌ನೇಮ್, ಇನಿಷಿಯಲ್

ಸರ್‌ನೇಮ್ ಉದ್ದವಿದ್ದರೆ ಮಿಡಲ್ ನೇಮ್ ಗಿಡ್ಡ ಮಾಡಿ. ಇನಿಷಿಯಲ್‌ಗಳು ಸೇರಿ ಕೆಟ್ಟ ಪದವಾಗುತ್ತದೆಯೇ ನೋಡಿಕೊಳ್ಳಿ.

ಹೆಜ್ಜೆ 5: ಕಾಗದಪತ್ರ

ಐರ್ಲೆಂಡ್‌ನಲ್ಲಿ ಮಗು ಹುಟ್ಟಿದ 3 ತಿಂಗಳೊಳಗೆ ನೋಂದಣಿ ಮಾಡಿಸಬೇಕು. ಭಾರತದ ಪಾಸ್‌ಪೋರ್ಟ್ ಅರ್ಜಿಯಲ್ಲಿ ಮಿಡಲ್ ನೇಮ್‌ಗೆ ಬೇರೆ ಕಾಲಂ ಇಲ್ಲ, ಮೊದಲ ಹೆಸರಿನ ಜೊತೆಗೇ ಬರೆಯಬೇಕು. ವಿಮಾನದ ಟಿಕೆಟ್‌ನಲ್ಲಿ ಎರಡೂ ಅಂಟಿಕೊಂಡೇ ಅಚ್ಚಾಗುವುದುಂಟು, ಗಾಬರಿ ಬೇಡ. ಆದರೆ ಒಂದು ದಾಖಲೆಯಲ್ಲಿ ಮಿಡಲ್ ನೇಮ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮುಂದೆ ಒದ್ದಾಟ.

ಫಾದಾ ಮರೆಯಬೇಡಿ. ಪಾಸ್‌ಪೋರ್ಟ್‌ನ ಕೆಳಗೆ ಯಂತ್ರ ಓದುವ ಸಾಲುಗಳಲ್ಲಿ ಫಾದಾ ಬರುವುದಿಲ್ಲ, ಅದು ಎಲ್ಲರಿಗೂ ಹಾಗೇ. ಜನನ ಪತ್ರದಲ್ಲಿ ಮಾತ್ರ ಇರಲೇಬೇಕು. ಹೆಸರು ಕಸೂತಿ ಹಾಕಿದ ಹೊದಿಕೆಗಳನ್ನು ಆನ್‌ಲೈನ್‌ನಲ್ಲಿ ತರಿಸುವಾಗಲೂ ಎಚ್ಚರ, ಬಹಳ ಕಡೆ ಫಾದಾ ಬಿಟ್ಟು ಹೊಲಿದು ಕಳಿಸುತ್ತಾರೆ. ರಿಜಿಸ್ಟ್ರಾರ್ ಮುಂದೆ ಸಹಿ ಹಾಕುವ ಮೊದಲು ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಗೆರೆ ತಪ್ಪಿದ್ದರೆ ಅಲ್ಲೇ ಹೇಳಿ ತಿದ್ದಿಸಿ.