ಡೆಂಡ್ರಿಮರ್‌ಗೆ ಔಷಧಿ ಕಟ್ಟಿದ್ದು: ನನ್ನ ಅನುಭವ

ಡೆಂಡ್ರಿಮರ್ ಅಂದರೆ ಮರದಂತೆ ಕವಲೊಡೆದ, ಔಷಧಿಯನ್ನು ಹೊತ್ತೊಯ್ಯಬಲ್ಲ ಅಣು. ಈ ಕೆಲಸದಲ್ಲಿ ಔಷಧಿ ಅಂಟಿಸುವುದು ಅಷ್ಟೇನೂ ಕಷ್ಟವಲ್ಲ. ಅಂಟದೆ ಉಳಿದದ್ದನ್ನು ಪೂರ್ತಿ ಹೊರಗೆ ಹಾಕುವುದೇ ಕಷ್ಟ. ನಾನು ಪಾಮಾಮ್ ಡೆಂಡ್ರಿಮರ್ ಮೇಲೆ ಡಾಕ್ಸೊರುಬಿಸಿನ್ (ಕ್ಯಾನ್ಸರ್ ಔಷಧಿ) ಮತ್ತು ಫೋಲಿಕ್ ಆಮ್ಲ (ಒಂದು ಬಿ ವಿಟಮಿನ್) ಕೂರಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಾಮಾಮ್ ಅಂದರೆ ನಡುವಿನ ಒಂದು ಪುಟ್ಟ ಅಣುವಿನಿಂದ ಕವಲೊಡೆಯುತ್ತಾ ಬೆಳೆಯುವ ಪಾಲಿಮರ್. ಡೊನಾಲ್ಡ್ ಟೊಮಾಲಿಯಾ ಮತ್ತು ಜೊತೆಗಾರರು 1985ರಲ್ಲಿ ಇದನ್ನು ಪ್ರಕಟಿಸಿದರು. ಒಮ್ಮೆ ಮೀಥೈಲ್ ಅಕ್ರಿಲೇಟ್, ಒಮ್ಮೆ ಎಥಿಲೀನ್ ಡೈಅಮೀನ್, ಹೀಗೆ ಸರದಿಯಂತೆ ಸೇರಿಸುತ್ತಾ ಹೋದರೆ ಪ್ರತಿ ತಲೆಮಾರಿಗೂ ತುದಿಗಳು ದುಪ್ಪಟ್ಟಾಗುತ್ತವೆ. ನಾಲ್ಕನೇ ತಲೆಮಾರಿನಲ್ಲಿ 64 ಅಮೀನ್ (ಸಾರಜನಕ ಇರುವ ಗುಂಪು) ತುದಿಗಳು, ಐದನೆಯದರಲ್ಲಿ 128. ಇದು ಕಾಗದದ ಮೇಲಿನ ಲೆಕ್ಕ. ಬಾಟಲಿಯಲ್ಲಿ ಕವಲು ತಪ್ಪಿದವು, ಒಂದಕ್ಕೊಂದು ಕಚ್ಚಿಕೊಂಡವು ಎಲ್ಲಾ ಇರುತ್ತವೆ. ನಾನು ಐದನೇ ತಲೆಮಾರಿನದನ್ನು ಸಿದ್ಧವಾಗಿಯೇ ತರಿಸಿಕೊಂಡೆ, ಟೈಟ್ರೇಷನ್ (ಹನಿಹನಿಯಾಗಿ ದ್ರಾವಣ ಸೇರಿಸಿ ಅಳೆಯುವುದು) ಮಾಡಿ ತುದಿಗಳನ್ನು ಎಣಿಸಿದ ಮೇಲೆಯೇ ಮುಂದಕ್ಕೆ ಹೋದೆ. ಲೆಕ್ಕ 128ಕ್ಕಿಂತ ಕಮ್ಮಿ ಬಂದರೆ ಗಾಬರಿ ಬೇಡ, ಹಾಗೆ ಬರುವುದೇ ಸಹಜ.

ಅಮೀನ್ ತುದಿಗಳನ್ನು ಹಾಗೇ ಬಿಡುವಂತಿಲ್ಲ. ಅವಕ್ಕೆ ಧನ ವಿದ್ಯುದಂಶ ಇರುವುದರಿಂದ ಜೀವಕೋಶದ ಪೊರೆಗೆ ಅಂಟಿಕೊಂಡು ಅದನ್ನೇ ಹಾಳು ಮಾಡುತ್ತವೆ. ಕೆಂಪು ರಕ್ತಕಣಗಳೂ ಒಡೆಯುತ್ತವೆ. ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಬಹುಪಾಲು ತುದಿಗಳನ್ನು ಮುಚ್ಚಿ, ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡೆ.

ಕೆಲವು ಬಗೆಯ ಕ್ಯಾನ್ಸರ್ ಕೋಶಗಳ ಮೇಲೆ ಫೋಲೇಟ್ ಗ್ರಾಹಕಗಳು (ಫೋಲಿಕ್ ಆಮ್ಲವನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳು) ಜಾಸ್ತಿ. ಅದಕ್ಕೇ ಫೋಲಿಕ್ ಆಮ್ಲ. ಇಲ್ಲಿ ಸರಾಸರಿಯನ್ನು ನಂಬಬೇಡಿ. ಒಂದು ಡೆಂಡ್ರಿಮರ್‌ಗೆ ಸರಾಸರಿ 3 ಫೋಲಿಕ್ ಆಮ್ಲ ಅಂದರೆ ಎಲ್ಲಕ್ಕೂ ಮೂರು ಮೂರು ಸಿಕ್ಕಿದೆ ಅಂತಲ್ಲ. ಎಲ್ಲಿ ಬೇಕಾದರೂ ಅಂಟಬಹುದು ಅಂತ ಲೆಕ್ಕ ಹಾಕಿದರೆ, ನೂರರಲ್ಲಿ ಸುಮಾರು 5 ಅಣುಗಳಿಗೆ ಒಂದೂ ಸಿಕ್ಕಿರುವುದಿಲ್ಲ, ಕೆಲವಕ್ಕೆ ಆರೇಳು ಸಿಕ್ಕಿರುತ್ತದೆ.

ಔಷಧಿಯನ್ನು ಡೆಂಡ್ರಿಮರ್ ಜೊತೆ ಸುಮ್ನೆ ಬೆರೆಸಿ ಒಳಗೆ ತುಂಬಿಸುವವರು ಇದ್ದಾರೆ. ನೀರಲ್ಲಿ ಚೆನ್ನಾಗೇ ಕಾಣುತ್ತದೆ. ಉಪ್ಪಿನ ಬಫರ್‌ಗೆ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಬಿದ್ದ ಕೂಡಲೇ ಸೋರಿಹೋಗಬಹುದು. ರಕ್ತದಲ್ಲಿ ಉಪ್ಪು ಇದೆ ಅಲ್ವಾ? ಅದಕ್ಕೇ ನಾನು ಹೈಡ್ರಜೋನ್ ಕೊಂಡಿ ಆರಿಸಿಕೊಂಡೆ. ಉಳಿದ ತುದಿಗಳಿಗೆ ಹೈಡ್ರಜೈಡ್ ಗುಂಪು ಜೋಡಿಸಿ, ಅದನ್ನು ಡಾಕ್ಸೊರುಬಿಸಿನ್‌ನ ಕೀಟೋನ್ ಜೊತೆ ಕಟ್ಟುವುದು. ರಕ್ತದ ಪಿಎಚ್ 7.4ರಲ್ಲಿ ಈ ಕೊಂಡಿ ಬಹುಮಟ್ಟಿಗೆ ಗಟ್ಟಿ, ಕೋಶದ ಒಳಗೆ ವಸ್ತುಗಳನ್ನು ಜೀರ್ಣಿಸುವ ಲೈಸೋಸೋಮ್‌ನ 5ರ ಹತ್ತಿರದ ಆಮ್ಲೀಯ ಪಿಎಚ್‌ನಲ್ಲಿ ಬಿಚ್ಚಿಕೊಳ್ಳುತ್ತದೆ. ಬೆಳಕು ತಾಗದಂತೆ ಫಾಯಿಲ್ ಸುತ್ತಿಯೇ ಮಾಡಬೇಕು.

ಆಮೇಲೆ ಜೆಲ್ ಕಾಲಂ, ಅಂದರೆ ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಕೊಳವೆ. ಇಲ್ಲಿ ಅವಸರ ಬೇಡ. ಕಾಲಂನಲ್ಲಿ ಎರಡು ಕೆಂಪು ಪಟ್ಟಿಗಳು ಇಳಿಯುತ್ತವೆ. ದೊಡ್ಡ ಅಣು ಜೆಲ್‌ನ ರಂಧ್ರಗಳೊಳಗೆ ಹೋಗಲಾರದೆ ಮೊದಲು ಹೊರಬರುತ್ತದೆ. ಬಿಡಿ ಔಷಧಿ ಹಿಂದೆ ಉಳಿಯುತ್ತದೆ. ಮೊದಲ ಪಟ್ಟಿಯ ಬಾಲ ಎರಡನೆಯದರ ಮೂತಿಗೆ ತಾಗುವ ಕಡೆ ಸಿಕ್ಕಿದ್ದನ್ನೆಲ್ಲ ನಾನು ಬೇರೆ ಇಟ್ಟೆ. ಇಳುವರಿ ಕಮ್ಮಿಯಾದರೂ ಸರಿ. ಪ್ರತಿ ಟ್ಯೂಬ್‌ನಿಂದ ಒಂದು ಚುಕ್ಕಿ ಟಿಎಲ್‌ಸಿ ತಟ್ಟೆಗೆ (ದ್ರಾವಕ ಮೇಲೇರುತ್ತಾ ವಸ್ತುಗಳನ್ನು ಬೇರ್ಪಡಿಸುವ ತೆಳು ಪದರದ ತಟ್ಟೆ) ಇಟ್ಟು ಯುವಿ ದೀಪದ ಕೆಳಗೆ ನೋಡಿದೆ. ಡೆಂಡ್ರಿಮರ್‌ಗೆ ಕಟ್ಟಿದ ಔಷಧಿ ಇಟ್ಟಲ್ಲೇ ಕೂತಿರುತ್ತದೆ. ಬಿಡಿ ಔಷಧಿ ಇದ್ದರೆ ಮೇಲೆ ಕಿತ್ತಳೆ ಬಣ್ಣದ ಚುಕ್ಕಿ ಹೊಳೆಯುತ್ತದೆ. ಮಸುಕು ಚುಕ್ಕಿ ಕಂಡರೂ ಮತ್ತೆ ಕಾಲಂಗೆ.

ಬಿಡುಗಡೆ ಪರೀಕ್ಷೆಗೆ ಡಯಾಲಿಸಿಸ್ ಚೀಲ (ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಪೊರೆಯ ಚೀಲ) ಬಳಸಿದೆ. 37 ಡಿಗ್ರಿ, ಒಂದು ಕಡೆ ಪಿಎಚ್ 7.4, ಇನ್ನೊಂದು ಕಡೆ 5. ಹೊರಗಿನ ಬಫರ್‌ನಿಂದ ಆಗಾಗ ಸ್ವಲ್ಪ ತೆಗೆದು 480 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಔಷಧಿ ಎಷ್ಟಿದೆ ಅಂತ ಅಳೆದು, ತೆಗೆದಷ್ಟೇ ಹೊಸ ಬಫರ್ ಹಾಕಿದೆ. ಜೊತೆಗೆ ಬರೀ ಡಾಕ್ಸೊರುಬಿಸಿನ್ ತುಂಬಿದ ಚೀಲವನ್ನೂ ಎರಡೂ ಪಿಎಚ್‌ನಲ್ಲಿ ಇಟ್ಟೆ. ಇದನ್ನು ಬಿಡುವವರೇ ಜಾಸ್ತಿ. ಚೀಲ ದಾಟಲು ಬಿಡಿ ಔಷಧಿಗೂ ಗಂಟೆಗಟ್ಟಲೆ ಬೇಕು. ಸಾಲದ್ದಕ್ಕೆ, ಆಮ್ಲೀಯ ಬಫರ್‌ನಲ್ಲಿ ಅದು ಇನ್ನೂ ಚೆನ್ನಾಗಿ ಕರಗುತ್ತದೆ. 7.4ರಲ್ಲಿ ಒಂದಕ್ಕೊಂದು ಗುಂಪುಗೂಡುತ್ತದೆ, ಪ್ಲಾಸ್ಟಿಕ್‌ಗೂ ಅಂಟುತ್ತದೆ. ಅಂದರೆ ಕೊಂಡಿಯೇ ಇಲ್ಲದ ಔಷಧಿಯೂ "ಪಿಎಚ್ 5ರಲ್ಲಿ ಬೇಗ ಬಿಡುಗಡೆ" ಅಂತ ತೋರಿಸಬಲ್ಲದು. ಬಿಡಿ ಔಷಧಿಯ ಗೆರೆ ಪಕ್ಕದಲ್ಲಿ ಇಲ್ಲದಿದ್ದರೆ ನಿಮ್ಮ ಗ್ರಾಫ್ ಕೊಂಡಿಯನ್ನು ಅಳೆದಿದೆಯೋ ಚೀಲವನ್ನೋ ಹೇಳಲಾಗದು.

ಕೋಶಗಳ ಪರೀಕ್ಷೆಯಲ್ಲಿ ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರಾವಣ) ನೋಡಿಕೊಳ್ಳಿ. ಮಾಮೂಲಿ ಆರ್‌ಪಿಎಂಐ 1640ರಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಫೋಲಿಕ್ ಆಮ್ಲ ಮೊದಲೇ ಇದೆ. ಅದೇ ಗ್ರಾಹಕಗಳನ್ನೆಲ್ಲ ಹಿಡಿದುಕೊಂಡರೆ ನಿಮ್ಮ ಡೆಂಡ್ರಿಮರ್‌ಗೆ ಜಾಗವೆಲ್ಲಿ? ಫೋಲೇಟ್ ಇಲ್ಲದ ಮೀಡಿಯಂನಲ್ಲೇ ಕೋಶ ಬೆಳೆಸಿದೆ. ಇನ್ನೊಂದು ಗುಂಪಿಗೆ ಬೇಕಂತಲೇ ಹೆಚ್ಚು ಫೋಲಿಕ್ ಆಮ್ಲ ಹಾಕಿದೆ. ಅಲ್ಲಿ ಒಳಸೇರುವುದು ಇಳಿದರೆ ಮಾತ್ರ ಗ್ರಾಹಕದ ಮೂಲಕವೇ ಹೋಗುತ್ತಿದೆ ಎನ್ನಬಹುದು. ಫೋಲಿಕ್ ಆಮ್ಲ ಇಲ್ಲದ ಡೆಂಡ್ರಿಮರ್ ಕೂಡ ಜೊತೆಗಿರಲಿ.

ಮಾಲನ್ನು ಫ್ರೀಜ್ ಡ್ರೈ ಮಾಡಿ, ಸಣ್ಣ ಸಣ್ಣ ಪಾಲು ಮಾಡಿ, ಮೈನಸ್ 20 ಡಿಗ್ರಿಯಲ್ಲಿ ಕತ್ತಲಲ್ಲಿ ಇಟ್ಟಿದ್ದೇನೆ. ಹೊರತೆಗೆದಾಗಲೆಲ್ಲ ಮೊದಲು ಟಿಎಲ್‌ಸಿ, ಆಮೇಲೆ ಪ್ರಯೋಗ.