ಗುಡ್ಡದ ರಿಲೇ ಕಿತ್ತರೂ ನಿಲ್ಲದ ನೆಟ್‌ವರ್ಕ್: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಸುಮಾರು ಇಪ್ಪತ್ತೈದು ಲೋರಾ ನೋಡ್‌ಗಳಿವೆ, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ರೇಡಿಯೋ ಸಂದೇಶ ಕಳಿಸುವ ಸಣ್ಣ ಸೆನ್ಸರ್ ಪೆಟ್ಟಿಗೆಗಳು. ಮಳೆ, ಎಲೆ ತೇವ, ಮಣ್ಣಿನ ತೇವ ಅಳೆಯುತ್ತವೆ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಲು ಮಳೆ ಬಿಡುವು ಕಾಯುವ ದಿನಗಳಲ್ಲೇ ಈ ಡೇಟಾ ಬೇಕು. ನೆಟ್‌ವರ್ಕ್ ಮಲಗುತ್ತಿದ್ದುದೂ ಆಗಲೇ.

ಅರ್ಧಕ್ಕಿಂತ ಜಾಸ್ತಿ ನೋಡ್‌ಗಳು ಗುಡ್ಡದ ಮೇಲಿನ ಒಂದೇ ರಿಲೇಗೆ (ಬೇರೆಯವರ ಸಂದೇಶ ಹಿಡಿದು ಮುಂದಕ್ಕೆ ದಾಟಿಸುವ ನೋಡ್) ಜೋತುಬಿದ್ದಿದ್ದವು. ಸಿಗ್ನಲ್ ಚೆನ್ನಾಗಿರುವ ಕಡೆಗೇ ಎಲ್ಲವೂ ಹೋಗುತ್ತವೆ ಅಲ್ವಾ? ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿಲ್ಲ, ಸೋಲಾರ್ ಚಾರ್ಜ್ ಇಲ್ಲ. ಆ ರಿಲೇ ಸತ್ತರೆ ಕೆಳಗಿನ ಕಣಿವೆಯೇ ಕಾಣೆ.

ಗೊತ್ತಿದ್ದವರೆಲ್ಲ ಇನ್ನೊಂದು ಗೇಟ್‌ವೇ (ಎಲ್ಲ ನೋಡ್‌ಗಳ ಡೇಟಾ ಕೊನೆಗೆ ಬಂದು ಸೇರುವ ಪೆಟ್ಟಿಗೆ) ಹಾಕಿ ಅಂದರು. ಹನ್ನೆರಡು ಸಾವಿರದ ಹತ್ತಿರ ಹೋಯಿತು, ಏನೂ ಬದಲಾಗಲಿಲ್ಲ. ಕಣಿವೆಯಿಂದ ಅದಕ್ಕೂ ದಾರಿ ಅದೇ ಗುಡ್ಡದ ಮೇಲೆ! ಸಿಗ್ನಲ್ ಇನ್ನೂ ದೂರ ಮುಟ್ಟಲಿ ಅಂತ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್, ಏರಿಸಿದಷ್ಟೂ ಸಂದೇಶ ನಿಧಾನ, ಆದರೆ ದೂರ ತಲುಪುತ್ತದೆ) 12ಕ್ಕೆ ಏರಿಸಿದೆವು. ಒಂದೊಂದು ಮೆಟ್ಟಿಲಿಗೂ ಪ್ಯಾಕೆಟ್ ಗಾಳಿಯಲ್ಲಿರುವ ಹೊತ್ತು ಹೆಚ್ಚುಕಡಿಮೆ ದುಪ್ಪಟ್ಟು. ಡಿಕ್ಕಿಗಳು ಹೆಚ್ಚಿದವು, ಬ್ಯಾಟರಿಯೂ ಬೇಗ ಇಳಿಯಿತು.

ಆಮೇಲೆ ಜೋಡಣೆಗೇ ಕೈ ಹಾಕಿದೆ. ಒಂದು ರಿಲೇಗೆ ನಾಲ್ಕಕ್ಕಿಂತ ಜಾಸ್ತಿ ಮಕ್ಕಳು, ಅಂದರೆ ಅದನ್ನು ನಂಬಿದ ನೋಡ್‌ಗಳು, ಇರಬಾರದು. ಪ್ರತಿ ನೋಡ್‌ಗೂ ಎರಡು ದಾರಿ, ಆ ಎರಡು ದಾರಿಗಳೂ ನಡುವೆ ಎಲ್ಲೂ ಒಂದೇ ನೋಡ್ ಮೂಲಕ ಹಾಯಬಾರದು. ಆರ್‌ಎಸ್‌ಎಸ್‌ಐ (ಯಾವ ನೋಡ್‌ಗೆ ಯಾವುದರ ಸಿಗ್ನಲ್ ಎಷ್ಟು ಜೋರು ಅನ್ನುವ ಅಳತೆ) ಪಟ್ಟಿಯನ್ನು ಜಾಲಗಳ ಲೆಕ್ಕ ಹಾಕುವ ಪೈಥಾನ್ ಲೈಬ್ರರಿ ನೆಟ್‌ವರ್ಕ್‌ಎಕ್ಸ್‌ಗೆ ಕೊಟ್ಟು, ಯಾವುದನ್ನು ತೆಗೆದರೆ ಜಾಲ ತುಂಡಾಗುತ್ತದೆ ಅಂತ ನೋಡಿದೆ. ಸಿಕ್ಕಿದ್ದು ಬೆರಳೆಣಿಕೆಯಷ್ಟು ಜಾಗ. ಅಲ್ಲಿಗೆ ತಲಾ ಸಾವಿರದೆಂಟುನೂರರ ಮೂರು ರಿಲೇ ಸಾಕಾಯಿತು. ಅವನ್ನು ಸಿಗ್ನಲ್ ಜೋರಿರುವಲ್ಲಿ ಇಡಲಿಲ್ಲ, ಹಳ್ಳದ ಆಚೆ ದಡದಲ್ಲಿ ಇಟ್ಟೆ. ಎರಡನೇ ದಾರಿಗೆ ಯಾವಾಗ ಹೊರಳಬೇಕು ಅನ್ನುವ ಲೆಕ್ಕ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹಾಪ್ (ಸಂದೇಶ ಒಂದು ನೋಡ್‌ನಿಂದ ಇನ್ನೊಂದಕ್ಕೆ ನೆಗೆಯುವುದು) ಜಾಸ್ತಿಯಾದರೆ ಬ್ಯಾಟರಿ ನಿಲ್ಲಲ್ಲ ಅಂತ ಹೆದರಿಸಿದ್ದರು. ಹೊರೆ ಹಂಚಿಹೋದ ಮೇಲೆ ಗುಡ್ಡದ ರಿಲೇಯೇ ಮೊದಲಿಗಿಂತ ಹೆಚ್ಚು ದಿನ ಬಾಳಿತು.

ಮಧ್ಯೆ ಲೋರಾ ಬದಲು ಇಎಸ್‌ಪಿ-ನೌ (ವೈಫೈ ಚಿಪ್‌ಗಳು ರೂಟರ್ ಇಲ್ಲದೆ ನೇರವಾಗಿ ಮಾತಾಡುವ ವಿಧಾನ) ಕೂಡ ನೋಡಿದೆ. ಬೇಸಿಗೆಯಲ್ಲಿ ಚೆನ್ನಾಗಿ ಓಡಿತು. ಮಳೆ ಹಿಡಿದು ಸೋಗೆ ತೊಯ್ದ ಮೇಲೆ ಅದರ 2.4 ಗಿಗಾಹರ್ಟ್ಸ್ ಸಿಗ್ನಲ್ ನಾಲ್ಕು ಸಾಲು ಮರ ದಾಟುವುದೂ ಕಷ್ಟ. ಲೋರಾದ 865 ಮೆಗಾಹರ್ಟ್ಸ್‌ಗೇ ವಾಪಸ್ ಬಂದೆ. ಬೆಸುಗೆಗೆ ನೈಲ್ ಪಾಲಿಶ್ ಬಳಿದದ್ದು ಮಾತ್ರ ಬಹಳ ಉಪಯೋಗಕ್ಕೆ ಬಂತು, ಕಿಲುಬು ಕಡಿಮೆಯಾಯಿತು.

ಪರೀಕ್ಷೆಗೆ ಜೋರು ಮಳೆಯಲ್ಲೇ ಬ್ಯಾಟರಿ ಕಿತ್ತೆ, ಹೊರೆ ಜಾಸ್ತಿ ಇರುವ ರಿಲೇಯಿಂದಲೇ ಶುರು. ಒಂದು ಕಿತ್ತರೆ ಅದೊಂದೇ ಹೋಗುತ್ತದೆ. ಮೂರು ಒಟ್ಟಿಗೆ ಕಿತ್ತಾಗಲೂ ಐದಾರು ನೋಡ್ ಬಿಟ್ಟು ಉಳಿದವೆಲ್ಲ ಮಾತಾಡುತ್ತಿದ್ದವು. ಗೇಟ್‌ವೇ ಹಾಕಿ ಅಂದವರಿಗೇ ಆ ಲಾಗ್ ಕಳಿಸಿದೆ. ಈಗ ಪಕ್ಕದ ತೋಟದವರು ತಮ್ಮ ನೋಡ್‌ಗಳನ್ನೂ ಸೇರಿಸಿಕೊಳ್ಳಿ ಅನ್ನುತ್ತಿದ್ದಾರೆ. ಸೇರಿದರೆ ಕಣಿವೆಗೆ ಮೂರನೇ ದಾರಿ ಸಿಗುತ್ತದೆ.